ದಾಳಿಂಬೆ ಬಣ್ಣದ ಕಾರಿಗೆ ದಾರಿ ಹೇಳುವ ಪೆಟ್ಟಿಗೆ

ಅಮ್ಮಾನ್ ನಗರದ ಬಯಾದರ್ ಗ್ಯಾರೇಜು ಕೇರಿಯಲ್ಲಿ ಶುಕ್ರಿಯ ಅಂಗಡಿ ಎಲ್ಲಿ ಅಂತ ಕೇಳಿದರೆ ಯಾರೂ ಬೀದಿಯ ಹೆಸರು ಹೇಳುವುದಿಲ್ಲ. ಬೀದಿಗೆ ಹೆಸರಿದೆ. ನಗರಸಭೆಯವರು ನೀಲಿ ಹಲಗೆಯ ಮೇಲೆ ಬರೆಸಿ ಗೋಡೆಗೆ ಹೊಡೆಸಿಯೂ ಇದ್ದಾರೆ. ಅದನ್ನು ಓದಿದ ಮನುಷ್ಯ ಮಾತ್ರ ಇದುವರೆಗೆ ಸಿಕ್ಕಿಲ್ಲ. "ಟಯರ್ ಅಂಗಡಿ ಸುಟ್ಟುಹೋಯ್ತಲ್ಲ, ಆ ಮೂಲೇಲಿ ಒಳಗೆ ತಿರುಗಿ, ಮುಂಚೆ ಮುದುಕ ಫಲಾಫೆಲ್ ವಡೆ ಕರೀತಿದ್ನಲ್ಲ, ಅದರ ಎದುರಿಗೇ" ಅನ್ನುತ್ತಾರೆ. ಟಯರ್ ಅಂಗಡಿ ಸುಟ್ಟು ಹದಿನೆಂಟು ವರ್ಷವಾಯಿತು. ಮುದುಕ ತೀರಿಕೊಂಡು ಅದಕ್ಕೂ ಹೆಚ್ಚು. ನಮ್ಮೂರಲ್ಲಿ ದಾರಿ ಹೇಳುವುದೆಂದರೆ ಹೋದವರನ್ನೆಲ್ಲ ಒಂದು ಸಲ ನೆನೆದ ಹಾಗೆ. ಇನ್ನೊಂದು ವಿಷಯ: ಕೇಳಿದವರಿಗೆ "ಗೊತ್ತಿಲ್ಲ" ಅನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಗೊತ್ತಿಲ್ಲದಿದ್ದರೂ ಎಡಕ್ಕೋ ಬಲಕ್ಕೋ ಒಂದು ಕಡೆ ಕಳಿಸಿ, ದೇವರು ಒಳ್ಳೇದು ಮಾಡಲಿ ಅಂತ ಹರಸುತ್ತೇವೆ. ಮುಂದಿನದು ದೇವರಿಗೆ ಬಿಟ್ಟದ್ದು.

ಇಂಥ ಊರಿನಲ್ಲಿ ಶುಕ್ರಿ ಮೂವತ್ತು ವರ್ಷದಿಂದ ಕಾರುಗಳಿಗೆ ಹಾಡು ಹಾಕಿಸುವ, ಈಗೀಗ ದಾರಿ ಹೇಳಿಸುವ ಕೆಲಸ ಮಾಡಿಕೊಂಡು ಬಂದಿದ್ದ. ಹಿರಿಮಗ ರಕಾನನ ಹೆಸರು ಹಿಡಿದು ಕೇರಿಯವರೆಲ್ಲ ಅವನನ್ನು ಅಬು ರಕಾನ್, ರಕಾನನ ಅಪ್ಪ, ಅನ್ನುತ್ತಿದ್ದರು. ಅವನು ಹಾಕಿದ ಸೆಟ್ಟು ವಾಪಸು ಬಂದದ್ದಿಲ್ಲ. ಒಂದು ತಂತಿಯನ್ನೂ ಕತ್ತರಿಸಿ ತಿರುಚಿ ಪಟ್ಟಿ ಸುತ್ತುವವನಲ್ಲ. ಬೆಸುಗೆ ಹಾಕಿ, ಮೇಲೆ ಕೊಳವೆ ಏರಿಸಿ, ಒಮ್ಮೆ ಊದಿ, ಆಮೇಲೆ ಒಳಗೆ ತಳ್ಳುವವನು. ಎದುರಂಗಡಿಯ ನಾದಿರ್ ಇದನ್ನು ನೋಡಿ, "ಅಬು ರಕಾನ್, ಕಾರಿಗೆ ರೇಡಿಯೋ ಹಾಕ್ತಿದ್ದೀಯೋ, ಹೆಣ್ಣಿಗೆ ಜಡೆ ಹೆಣೀತಿದ್ದೀಯೋ?" ಅಂತ ಕೆಣಕುವುದಿತ್ತು. ನಾದಿರ್ ಅಷ್ಟು ಹೊತ್ತಿನಲ್ಲಿ ಮೂರು ಕಾರು ಮುಗಿಸುತ್ತಿದ್ದ. ಅವುಗಳಲ್ಲಿ ಎರಡು ವಾರದೊಳಗೆ ವಾಪಸು ಬರುತ್ತಿದ್ದವು. ಹಾಗಾಗಿ ಗಿರಾಕಿಗಳ ಜೊತೆ ಅವನಿಗೆ ಒಳ್ಳೆ ಸ್ನೇಹ.

ಶುಕ್ರಿಯ ಒಂದು ಗುಟ್ಟು ಅವನ ಹೆಂಡತಿ ಉಮ್ ರಕಾನಳಿಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಅವನಿಗೆ ದಾರಿ ಅನ್ನುವುದೇ ತಲೆಗೆ ಹತ್ತುತ್ತಿರಲಿಲ್ಲ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮಸೀದಿಗೆ, ಮಸೀದಿಯಿಂದ ಮನೆಗೆ, ಇಷ್ಟು ಬಿಟ್ಟರೆ ಅಮ್ಮಾನಿನ ಏಳೆಂಟು ಗುಡ್ಡಗಳೂ ಅವನ ಪಾಲಿಗೆ ಒಂದೇ ಗುಡ್ಡ. ಗಿರಾಕಿಯ ಕಾರಿಗೆ ದಾರಿ ಪೆಟ್ಟಿಗೆ ಹಾಕಿದ ಮೇಲೆ ಪರೀಕ್ಷೆಗೆ ಅಂತ ಯಾವಾಗಲೂ ಒಂದೇ ಸುತ್ತು ಹೊಡೆಯುತ್ತಿದ್ದ: ಬೇಕರಿ, ಪೆಟ್ರೋಲ್ ಬಂಕು, ವಾಪಸು. ಒಮ್ಮೆ ಬೇಕರಿಯವನು ಗೋಡೆಯ ಬಣ್ಣ ಬದಲಿಸಿದಾಗ ಅರ್ಧ ಗಂಟೆ ತಡವಾಗಿ ಬಂದಿದ್ದ. ಕೇಳಿದವರಿಗೆ, ಪೆಟ್ಟಿಗೆಯನ್ನು ಚೆನ್ನಾಗಿ ಪರೀಕ್ಷಿಸಿದೆ ಅಂದ.

ಅವನ ಸ್ವಂತ ಕಾರು ದಾಳಿಂಬೆ ಬಣ್ಣದ್ದು, ಎರಡೇ ಸೀಟಿನ ಜರ್ಮನ್ ಓಟದ ಕಾರು. ವಯಸ್ಸು ಮೂವತ್ತು ದಾಟಿತ್ತು. ದೇಶ ಬಿಟ್ಟು ಹೊರಟ ದಂತವೈದ್ಯನೊಬ್ಬ ಬಿಟ್ಟುಹೋದದ್ದನ್ನು ಇವನು ಹನ್ನೆರಡು ವರ್ಷದ ಹಿಂದೆ ಎತ್ತಿ ತಂದು, ಎಂಜಿನಿಗೆ ಜೀವ ಕೊಟ್ಟು, ಪ್ರತಿ ಗುರುವಾರ ಒರೆಸುತ್ತಿದ್ದ. ಆದರೆ ಊರಿಗೆಲ್ಲ ಹಾಡು ಹಾಕಿಸುವವನ ಕಾರಿನಲ್ಲಿ ಹಾಡಿರಲಿಲ್ಲ. ಹಳೆಯ ಕ್ಯಾಸೆಟ್ ಯಂತ್ರ ಕೊನೆಯ ಕ್ಯಾಸೆಟ್ಟನ್ನು ನುಂಗಿ ಬಾಯಿ ಮುಚ್ಚಿ ಹನ್ನೊಂದು ವರ್ಷವಾಗಿತ್ತು. "ಬಿಡುವಾದಾಗ ಮಾಡ್ತೀನಿ" ಅನ್ನುತ್ತಿದ್ದ. ಊರಿಗೆಲ್ಲ ಚಪ್ಪಲಿ ಹೊಲಿಯುವವನ ಮನೆಯಲ್ಲಿ ಎಲ್ಲರೂ ಬರಿಗಾಲು ಅನ್ನುವುದು ಯಾವ ದೇಶಕ್ಕೂ ತಪ್ಪಿದ್ದಲ್ಲ.

ಬಿಡುವನ್ನು ರಕಾನ್ ತಂದುಕೊಟ್ಟ. ಅವನ ಮನಸ್ಸು ಸಾಲ್ತ್ ಊರಿನ ಒಬ್ಬ ಮೇಡಂ ಮೇಲೆ ನಿಂತಿತ್ತು. ಶಾಲೆಯಲ್ಲಿ ಲೆಕ್ಕ ಕಲಿಸುವ ಹುಡುಗಿ, ಹೆಸರು ದುಹಾ. ಹೆಂಗಸರ ಮಟ್ಟದಲ್ಲಿ ಮಾತು ಮುಗಿದಿತ್ತು. ಇನ್ನು ಗಂಡಸರು ಜಾಹಾ ಕಟ್ಟಿಕೊಂಡು ಹೋಗಬೇಕು: ಊರ ಹಿರಿಯನೊಬ್ಬನನ್ನು ಮುಂದಿಟ್ಟುಕೊಂಡು, ನಂಟರು, ನೆರೆಯವರು ಎಲ್ಲ ಸಾಲು ಕಾರಿನಲ್ಲಿ ಹೋಗಿ, ಹೆಣ್ಣಿನ ತಂದೆಯ ಎದುರು ಕೂತು, ಅವರು ಸುರಿದ ಕಾಫಿಯನ್ನು ಮುಟ್ಟದೆ ಇಟ್ಟು, "ನಮ್ಮ ಕೋರಿಕೆ ನಡೆಸಿಕೊಟ್ಟರೆ ಕುಡೀತೀವಿ" ಅನ್ನಬೇಕು. ಆತ "ಕೊಟ್ಟೆ, ಕುಡೀರಿ" ಅಂದರೆ ಮದುವೆ ನಿಶ್ಚಯ.

ತೊಡಕು ಇದ್ದದ್ದು ಹುಡುಗಿಯ ತಂದೆಯಲ್ಲಿ. ಉಸ್ತಾದ್ ನಜೀಬ್ ಭೂಮಾಪನದಲ್ಲಿ ಮೂವತ್ತೈದು ವರ್ಷ ಸರಪಳಿ ಎಳೆದು ನಿವೃತ್ತನಾದವನು. ಅಳತೆಯಲ್ಲಿ ಅಂಗುಲ ಬಿಡನು, ಹೊತ್ತಿನಲ್ಲಿ ನಿಮಿಷ ಬಿಡನು. ದೊಡ್ಡ ಮಗಳನ್ನು ಕೇಳಲು ಬಂದ ಮೊದಲ ಜಾಹಾ ನಲವತ್ತು ನಿಮಿಷ ತಡವಾಗಿ ಬಂದಿತ್ತಂತೆ. ಬಾಗಿಲಲ್ಲೇ ನಿಂತು, "ನೀವು ಬಂದದ್ದು ಸಂತೋಷ. ನಾನು ಕಾಯ್ತಿದ್ದ ಜನ ಹೋಗಿಯಾಯ್ತು" ಅಂತ ಕಳಿಸಿಬಿಟ್ಟನಂತೆ. ಆ ಸಂಬಂಧ ಅಲ್ಲಿಗೇ ಮುರಿದುಬಿತ್ತು. ಈಗ ಚಿಕ್ಕವಳ ಸರದಿ. ಶುಕ್ರವಾರ, ನಾಲ್ಕು ಗಂಟೆ, ಅಂತ ಹೇಳಿ ಕಳಿಸಿದ್ದ.

"ಅಪ್ಪಾ, ನಾಲ್ಕು ಅಂದ್ರೆ ಅವರಿಗೆ ನಾಲ್ಕೇ," ಅಂದ ರಕಾನ್. ಒಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ ಹುಡುಗ.

"ಗೊತ್ತು ಮಗನೇ. ಮುಂದಿನ ಕಾರಿಗೆ ದಾರಿ ಗೊತ್ತಿದ್ದರೆ ಸಾಕು. ಹಾಯೆಲ್ ಪಾಷಾ ತಮ್ಮ ಮಗನ ಗಾಡೀಲಿ ಮುಂದೆ ಇರ್ತಾರೆ, ನಾವು ಹಿಂದೆ."

ಹಾಯೆಲ್ ಪಾಷಾ ಎಂಬತ್ತು ದಾಟಿದ ನಿವೃತ್ತ ಸೇನಾಧಿಕಾರಿ. ಆ ಭಾಗದ ಯಾವ ಜಾಹಾಕ್ಕೂ ಅವನೇ ಮುಖ. ಅವನು ಕೇಳಿ ಇಲ್ಲ ಅಂದವರಿಲ್ಲ. ಆಹ್ವಾನ ಕೊಡಲು ಶುಕ್ರಿ ಹೋದಾಗ ಪಾಷಾ ಒಂದೇ ಕರಾರು ಹಾಕಿದ.

"ನನ್ನ ಮಗನ ಗಾಡೀಲಿ ನಾನು ಬರೋದಿಲ್ಲ. ಅದು ಗಾಡಿಯಲ್ಲ, ಅಟ್ಟ. ಏಣಿ ಹಾಕಿ ಹತ್ತಿಸ್ತಾರೆ, ಗೋಧಿ ಮೂಟೆ ಇಳಿಸಿದ ಹಂಗೆ ಇಳಿಸ್ತಾರೆ. ನಿನ್ನ ಆ ಕೆಂಪು ಕಾರಿದೆಯಲ್ಲ, ಅದರಲ್ಲಿ ಬರ್ತೀನಿ. ಅದಕ್ಕೆ ಹತ್ತಬೇಕಾಗಿಲ್ಲ, ಬಿದ್ದರೆ ಸಾಕು."

"ಪಾಷಾ, ಅದರಲ್ಲಿ ಎರಡೇ ಸೀಟು..."

"ನಾವಿಬ್ಬರೇ ಅಲ್ವೇನಪ್ಪ? ಮತ್ತೆ ರೇಡಿಯೋ ಇರಲಿ. ಮೂರು ಗಂಟೆ ವಾರ್ತೆ ತಪ್ಪಿಸಿಕೊಳ್ಳೋದಿಲ್ಲ ನಾನು. ಬಲಗಿವಿ ಕಡೆ ಜೋರಾಗಿ ಇರಲಿ. ಎಡಗಿವೀನ ಫಿರಂಗಿ ತಿಂದುಹಾಕಿದೆ, ನಿನಗೆ ಗೊತ್ತಲ್ಲ."

ಶುಕ್ರಿ ಮನೆಗೆ ಬಂದು ಕುರ್ಚಿಯಲ್ಲಿ ಕುಸಿದ. ಮುಂದಿನ ಕಾರು ತನ್ನದು. ಪಕ್ಕದಲ್ಲಿ ಪಾಷಾ, ದಾರಿ ಹೇಳುವ ಮೂರನೆಯವನಿಗೆ ಜಾಗವಿಲ್ಲ. ಹಿಂದೆ ಮೂವತ್ತು ಕಾರು. ಉಮ್ ರಕಾನ್ ಚಹಾ ತಂದಿಟ್ಟು, ಅವನ ಮುಖ ನೋಡಿ, ವಿಷಯ ಕೇಳಿ, ಮೊದಲು ನಗು ತಡೆದುಕೊಂಡಳು. ಆಮೇಲೆ ತಡೆದುಕೊಳ್ಳಲಿಲ್ಲ.

"ನಿಮ್ಮನ್ನ ನಂಬ್ಕೊಂಡು ಮೂವತ್ತು ಕಾರು ಬಂದ್ರೆ ದಮಾಸ್ಕಸ್‌ನಲ್ಲಿ ಇಳೀತಾರೆ! ನಮ್ಮ ತಂಗಿ ಮನೇಗೆ ಹೋಗೋಕೇ ಮೂರು ಸಲ ಫೋನ್ ಮಾಡ್ತೀರ."

"ಅವಳು ಮನೆ ಬದಲಿಸಿದ್ದಳಲ್ಲೇ."

"ಅದು ಅಕ್ಕನ ಮಗಳು. ತಂಗಿ ಅದೇ ಮನೇಲಿದ್ದಾಳೆ, ಇಪ್ಪತ್ತು ವರ್ಷದಿಂದ." ನಗು ನಿಂತ ಮೇಲೆ ಮೆಲ್ಲಗೆ ಅಂದಳು, "ಊರಿಗೆಲ್ಲ ಹಾಕ್ತೀರಲ್ಲ ಆ ಪೆಟ್ಟಿಗೆ, ನಿಮಗೊಂದು ಹಾಕ್ಕೊಳ್ಳಿ. ಹುಡುಗನ ಮುಖ ನೋಡೋಕಾಗ್ತಿಲ್ಲ ನನಗೆ."

ಭಾನುವಾರದಿಂದ ಶುಕ್ರಿ ಗಿರಾಕಿಗಳನ್ನು ಮುಂದೂಡಿ ತನ್ನ ಕಾರನ್ನೇ ಒಳಗೆ ತಂದ. ಈ ಕಾಲದ ಪೆಟ್ಟಿಗೆಗಳು ರೊಟ್ಟಿ ಹಲಗೆಯಷ್ಟು ಅಗಲ. ಆ ಕಾಲದ ಕಾರಿನಲ್ಲಿ ರೇಡಿಯೋಗೆ ಬಿಟ್ಟ ಜಾಗ ಅಂಚೆ ಡಬ್ಬದ ಬಾಯಷ್ಟು. ನಾದಿರ್ ಬಂದು ಇಣುಕಿದ.

"ಡ್ಯಾಶ್‌ಬೋರ್ಡಿನ ಹಲಗೆ ಕೊಯ್ದುಬಿಡು, ಅರ್ಧ ಗಂಟೆ ಕೆಲಸ. ಗರಗಸ ನಾನು ಕೊಡ್ತೀನಿ."

"ನಿನ್ನ ಗರಗಸ ನಿನ್ನ ಹತ್ರವೇ ಇರಲಿ. ಇದನ್ನ ಮಾಡಿದೋನು ಮೂವತ್ತು ವರ್ಷ ಬಿರುಕಿಲ್ಲದೆ ಇರೋ ಹಂಗೆ ಮಾಡಿದ್ದಾನೆ. ನಾನು ಮೂವತ್ತು ನಿಮಿಷದಲ್ಲಿ ಕೊಯ್ಯಲಾ?"

ಹಳೆ ಬಾಯಿಯಲ್ಲೇ ಕೂರುವ, ಬೇಕಾದಾಗ ಪರದೆಯನ್ನು ನಾಲಿಗೆಯಂತೆ ಹೊರಗೆ ಚಾಚಿ ಎತ್ತಿ ನಿಲ್ಲಿಸುವ ಒಂದು ಪೆಟ್ಟಿಗೆಯನ್ನು ಹುಡುಕಿ ತಂದ. ಕ್ಯಾಸೆಟ್ ಯಂತ್ರ ಹೊರಬಂದಾಗ ಅದರ ಬೆನ್ನಿನ ಹಿಂದೆ ಹಕ್ಕಿ ಗೂಡಿನಂಥ ತಂತಿಯ ಗಂಟು. ಈ ಕಾರುಗಳಲ್ಲಿ ನೆಲಕ್ಕೆ ಸೇರುವ ತಂತಿ ಕರಿಯದಲ್ಲ, ಕಂದು. ಅದು ಗೊತ್ತಿಲ್ಲದೆ ಎಷ್ಟೋ ಜನ ಹೊಗೆ ಎಬ್ಬಿಸಿದ್ದಾರೆ. ಶುಕ್ರಿ ಒಂದೊಂದಕ್ಕೂ ಪರೀಕ್ಷೆಯ ದೀಪ ಮುಟ್ಟಿಸಿ ನೋಡಿ ಗುರುತು ಕಟ್ಟಿದ. ಬಾಗಿಲಿನ ಸ್ಪೀಕರಿನ ತೂತು ಈಗ ಯಾರೂ ಮಾಡದ ಅಳತೆಯದು. ಗಟ್ಟಿ ಹಲಗೆಯಲ್ಲಿ ಬಳೆ ಕೊರೆದು, ಅಂಚಿಗೆ ಕಂಬಳಿ ಪಟ್ಟಿ ಅಂಟಿಸಿ, ಹೊಸದನ್ನು ಕೂರಿಸಿದ. ದನಿ ಹೆಚ್ಚಿಸುವ ಪೆಟ್ಟಿಗೆಯನ್ನು ಸೀಟಿನ ಹಿಂದೆ ಇಟ್ಟು, ಬಣ್ಣ ಕೆರೆದು ಬರಿ ಕಬ್ಬಿಣಕ್ಕೆ ತಂತಿ ಬಿಗಿದ. ಕರೆಂಟಿನ ತಂತಿಯನ್ನು ಎಡಗಡೆಯಿಂದಲೂ, ದನಿಯ ತಂತಿಯನ್ನು ಬಲಗಡೆಯಿಂದಲೂ ಎಳೆದ. ಎರಡನ್ನೂ ಒಟ್ಟಿಗೆ ಮಲಗಿಸಿದರೆ ಎಂಜಿನು ಗುರ್ ಅಂದಾಗಲೆಲ್ಲ ಸ್ಪೀಕರು ಕುಂಯ್ ಅನ್ನುತ್ತದೆ. ಉಪಗ್ರಹದಿಂದ ದಾರಿಯ ಸುಳಿವು ಹಿಡಿಯುವ ಗುಂಡಿಯನ್ನು ಗಾಜಿನ ಬುಡದಲ್ಲಿ, ಹಲಗೆಯ ಕೆಳಗೆ ಹುದುಗಿಸಿದ. ಹೊರಗಿನಿಂದ ನೋಡಿದರೆ ಕಾರು ಮೊದಲಿನಂತೆಯೇ ಇತ್ತು.

ಗುರುವಾರ ಒಂದು ಜಾಣತನ ಹೊಳೆಯಿತು. ಹೆಣ್ಣು ಕೇಳಲು ಹೋಗುವ ಹುಡುಗನ ಅಪ್ಪ ಪೆಟ್ಟಿಗೆಯಿಂದ ದಾರಿ ಹೇಳಿಸಿಕೊಂಡ ಅಂತ ಪಾಷಾನಿಗೆ ಯಾಕೆ ಗೊತ್ತಾಗಬೇಕು? ವಾರ್ತೆ ಬಲಬಾಗಿಲಿನಿಂದ, ಪಾಷಾನ ಒಳ್ಳೆ ಕಿವಿಗೆ. ದಾರಿ ಹೇಳುವ ದನಿ ಎಡಬಾಗಿಲಿನಿಂದ ಮಾತ್ರ, ಪಿಸುಮಾತಿನಲ್ಲಿ, ತನ್ನೊಬ್ಬನಿಗೆ. ನಡುವೆ ಪಾಷಾನ ಕೆಟ್ಟ ಕಿವಿ ಗೋಡೆಯ ಹಾಗೆ. ಪರದೆಯನ್ನು ಒಳಗೇ ಮಡಚಿಟ್ಟ. ಬೇಕರಿ, ಪೆಟ್ರೋಲ್ ಬಂಕು, ವಾಪಸು. ಪೆಟ್ಟಿಗೆ ಒಂದು ಅಕ್ಷರ ತಪ್ಪಲಿಲ್ಲ. ಆಮೇಲೆ ಧೈರ್ಯ ಮಾಡಿ ಒಬ್ಬನೇ ಸಾಲ್ತ್‌ಗೆ ಹೋಗಿ, ನಜೀಬನ ಮನೆಯನ್ನು ದೂರದಿಂದ ನೋಡಿ, ತಾನೇ ಬೆರಗಾಗಿ ಹಿಂದಿರುಗಿದ. ನಲವತ್ತು ನಿಮಿಷದ ಹಾದಿ.

ಶುಕ್ರವಾರ ಎರಡು ಮುಕ್ಕಾಲಿಗೆ ಪಾಷಾ ಕಾರಿನೊಳಗೆ ಬಿದ್ದ. ಕೈಕೋಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಕುಳಿತ ಸುಖಕ್ಕೆ "ಅಹಾ" ಅಂದ. ಹಿಂದೆ ಮೂವತ್ತು ಕಾರು. ಒಂಬತ್ತನೆಯದರಲ್ಲಿ ಕೊರಳಪಟ್ಟಿ ಬಿಗಿದುಕೊಂಡ ರಕಾನ್. ಹದಿನಾಲ್ಕನೆಯದರಲ್ಲಿ ನಾದಿರ್ ಮತ್ತು ಗ್ಯಾರೇಜು ಕೇರಿಯ ನಾಲ್ವರು. ವಾರ್ತೆ ಶುರುವಾಯಿತು. ಪಾಷಾ ಬಲಗಿವಿಯನ್ನು ಬಾಗಿಲಿಗೆ ಒಡ್ಡಿ ಕಣ್ಣು ಮುಚ್ಚಿದ. ಎಡಬಾಗಿಲು, "ಮುಂದಿನ ವೃತ್ತದಲ್ಲಿ ಬಲಕ್ಕೆ" ಅಂದಿತು. ಶುಕ್ರಿ ಬಲಕ್ಕೆ ತಿರುಗಿದ. ಮೂವತ್ತೂ ಕಾರು ಬಲಕ್ಕೆ ತಿರುಗಿದವು. ಕನ್ನಡಿಯಲ್ಲಿ ಅದನ್ನು ನೋಡಿ ಶುಕ್ರಿಯ ಎದೆ ಉಬ್ಬಿತು. ಐವತ್ತೆಂಟು ವರ್ಷದಲ್ಲಿ ಮೊದಲ ಸಲ ಅವನು ಎಲ್ಲಿಗೆ ಹೋಗುತ್ತಿದ್ದಾನೆ ಅಂತ ಅವನಿಗೇ ಗೊತ್ತಿತ್ತು.

ಸಾಲ್ತ್ ಊರ ಬಾಯಿಗೆ ಬಂದಾಗ ಮೂರು ಇಪ್ಪತ್ತೆರಡು. ಹಳದಿ ಕಲ್ಲಿನ ಮನೆಗಳು ಒಂದರ ತಲೆಯ ಮೇಲೆ ಒಂದು ಹತ್ತಿ ಕೂತಿದ್ದವು. ಪೆಟ್ಟಿಗೆ, "ಬಲಕ್ಕೆ ತಿರುಗಿ" ಅಂದಿತು. ಅಷ್ಟರಲ್ಲಿ ವಾರ್ತೆ ಮುಗಿದಿತ್ತು. ಪಾಷಾ ಕಣ್ಣು ತೆರೆದ.

"ಎಡಕ್ಕೆ," ಅಂದ.

ಶುಕ್ರಿ ವೇಗ ತಗ್ಗಿಸಿದ. "ಪಾಷಾ, ಉಸ್ತಾದ್ ನಜೀಬರ ಮನೆ..." ಅಂದ. ಅದು ಫಿರಂಗಿ ತಿಂದ ಕಿವಿಗೆ ಹೋಗಿ ಬಿತ್ತು.

ಪಾಷಾ ಕೈಕೋಲನ್ನೆತ್ತಿ ಗಾಜಿನ ಎಡಮೂಲೆಗೆ ತೋರಿಸಿದ. "ಅರ್ಮೇನಿಯದವನ ಫೋಟೋ ಅಂಗಡಿ ಇತ್ತಲ್ಲ, ಅಲ್ಲಿ ಎಡಕ್ಕೆ, ದಾಳಿಂಬೆ ಗಿಡ ದಾಟಿ ಮೇಲಕ್ಕೆ. ನಜೀಬನ ಮನೆ ನನಗೆ ಗೊತ್ತಿಲ್ವಾ? ಅವರಪ್ಪನ ಮದುವೇಲಿ ಬಂದೂಕು ಹಾರಿಸಿದೋನು ನಾನು."

ಫೋಟೋ ಅಂಗಡಿ ಇರಲಿಲ್ಲ. ದಾಳಿಂಬೆ ಗಿಡವೂ ಇರಲಿಲ್ಲ. ಬಲಕ್ಕೆ ಹೋದರೆ ಆರು ನಿಮಿಷದಲ್ಲಿ ಮನೆ. ನಿನ್ನೆ ತಾನೇ ನೋಡಿ ಬಂದಿದ್ದ. ಆದರೆ ಜಾಹಾದ ಹಿರಿಯ ಎಡಕ್ಕೆ ಅಂದಾಗ ಬಲಕ್ಕೆ ತಿರುಗುವುದು ಹೇಗೆ? ಅದಕ್ಕೆ ಬೇಕಾದ ಎಲುಬು ನಮ್ಮ ಜನರ ಮೈಯಲ್ಲಿ ದೇವರು ಇಟ್ಟಿಲ್ಲ. ಶುಕ್ರಿ ಎಡಕ್ಕೆ ತಿರುಗಿದ. ಮೂವತ್ತೂ ಕಾರು ಎಡಕ್ಕೆ ತಿರುಗಿದವು.

"ಸಾಧ್ಯವಾದಲ್ಲಿ ಹಿಂದಿರುಗಿ," ಅಂದಿತು ಎಡಬಾಗಿಲು. ಮತ್ತೆ ಅಂದಿತು. ಮತ್ತೆ. ತಾನೇ ಕೈಯಾರೆ ಬೆಸೆದ ತಂತಿಯಿಂದ, ಒಂದು ಕುಂಯ್ ಕೂಡ ಇಲ್ಲದೆ, ಸ್ಫಟಿಕದಷ್ಟು ಶುಭ್ರವಾಗಿ. ಆಮೇಲೆ ಅದೇ ಸ್ಪೀಕರಿನಲ್ಲಿ ಫೋನು ಬಂತು. ರಕಾನ್.

"ಅಪ್ಪಾ! ಎಲ್ಲಿಗೆ? ಇದು ಅವರ ಹಳೇ ಮನೆ ದಾರಿ! ಅದನ್ನ ಮಾರಿ ಹತ್ತು ವರ್ಷ ಆಯ್ತು!"

"ಪಾಷಾ ಹೇಳಿದ ಕಡೆಗೆ ಮಗನೇ."

"...ಸರಿ," ಅಂದ ರಕಾನ್. ಅವನೂ ಅದೇ ಮಣ್ಣಿನವನು.

ಮೂರೂವರೆಗೆ ಹಳೆ ಮನೆಯ ಮುಂದೆ ಇಳಿದರು. ಪಾಷಾನನ್ನು ಇಬ್ಬರು ಕೈಕೊಟ್ಟು ಮೇಲೆಳೆದರು. ಬೀಳುವುದು ಸುಲಭವಾದ ಕಾರಿನಿಂದ ಏಳುವುದು ಸುಲಭವಲ್ಲ. ಒಳಗೆ ಅತಲ್ಲಾ ಎಂಬ ಗ್ಯಾಸ್ ಸಿಲಿಂಡರ್ ಮಾರುವವನು ಮಧ್ಯಾಹ್ನದ ಊಟ ಮುಗಿಸಿ ಬನಿಯನ್ನಿನಲ್ಲಿ ಮಲಗಿದ್ದ. ಬಾಗಿಲು ತೆರೆದರೆ ಕೋಟು ತೊಟ್ಟ ಅರವತ್ತು ಗಂಡಸರು. ಬೇರೆ ದೇಶದವನಾಗಿದ್ದರೆ "ಯಾರು ಬೇಕು?" ಅನ್ನುತ್ತಿದ್ದ. ಬಾಗಿಲಿಗೆ ಬಂದವರನ್ನು ಯಾಕೆ ಬಂದಿರಿ ಅಂತ ಕೇಳುವುದು ನಮ್ಮಲ್ಲಿ ಬೈಗುಳಕ್ಕೆ ಸಮ.

"ಬನ್ನಿ, ಬನ್ನಿ! ಮನೆ ನಿಮ್ಮದು!" ಅಂತ ಕೂಗುತ್ತ ಅಂಗಿಯ ಒಂದು ತೋಳು ಹಾಕಿಕೊಂಡ. ಇನ್ನೊಂದು ತೋಳು ಹಾಕುವಷ್ಟರಲ್ಲಿ ನೆರೆಮನೆಗಳಿಂದ ಕುರ್ಚಿ ಬಂದವು. ಕುರ್ಚಿ ಕೊಟ್ಟವರೂ ಯಾಕೆ ಅಂತ ಕೇಳಲಿಲ್ಲ. ಏಲಕ್ಕಿ ಘಮಘಮಿಸುವ ಕಹಿ ಕಾಫಿ ಬಂತು. ಪಾಷಾ ಮೊದಲ ಬಟ್ಟಲು ತೆಗೆದುಕೊಂಡು, ಮುಟ್ಟದೆ, ಮುಂದಿನ ಮೇಜಿನ ಮೇಲಿಟ್ಟ. ಅತಲ್ಲಾನ ಮುಖದ ಬಣ್ಣ ಬದಲಾಯಿತು. ಮುಟ್ಟದ ಬಟ್ಟಲಿನ ಅರ್ಥ ಅವನಿಗೂ ಗೊತ್ತು. ಅವನಿಗಿದ್ದದ್ದು ಒಬ್ಬಳೇ ಮಗಳು, ಮೂರನೇ ಕ್ಲಾಸು. ಆಗಷ್ಟೇ ಮುಂದಿನ ಹಲ್ಲು ಬಿದ್ದಿತ್ತು.

ಪಾಷಾನಿಗೆ ಮನೆ ಗೊತ್ತಿತ್ತು, ಮನೆಯವನ ಮುಖ ಗೊತ್ತಿರಲಿಲ್ಲ. ಎದ್ದು ನಿಂತು ಮಾತು ಶುರುಮಾಡಿದ. ಅವನ ಜಾಹಾ ಭಾಷಣ ದೇವರ ಸ್ತುತಿಯಿಂದ ಹೊರಟು, ಆದಿಪುರುಷನನ್ನು ಮಾತಾಡಿಸಿ, ಎರಡೂ ಕುಲಗಳ ಅಜ್ಜಂದಿರ ಶೌರ್ಯದ ಮೇಲೆ ಹಾದು, ಕೊನೆಗೆ ಹುಡುಗಿಯ ಹೆಸರಿಗೆ ಬಂದು ನಿಲ್ಲುವಂಥದ್ದು. ಹದಿನೈದು ನಿಮಿಷದ ಹಾದಿ. ಶುಕ್ರಿ ಗಡಿಯಾರ ನೋಡಿದ. ಮೂರು ನಲವತ್ತು. ರಕಾನ್ ಬಾಗಿಲ ಬಳಿ ಗೋಡೆಗೆ ಒರಗಿ, ಸುಣ್ಣದಷ್ಟು ಬಿಳಿಚಿ ನಿಂತಿದ್ದ. ಅವನು ಅಪ್ಪನನ್ನು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಮಾತು ಎರಡನೇ ಅಜ್ಜನ ಕುದುರೆಯವರೆಗೆ ಬಂದಿತ್ತು. ಇನ್ನು ನಾಲ್ಕು ವಾಕ್ಯದಲ್ಲಿ ಹುಡುಗಿಯ ಹೆಸರು. ಒಮ್ಮೆ ಬೇರೆಯವರ ಮನೆಯಲ್ಲಿ ಹೆಣ್ಣು ಕೇಳಿಬಿಟ್ಟರೆ ಈ ಮುದುಕ ಮತ್ತೆ ಯಾವ ಜಾಹಾಕ್ಕೂ ಮುಖವಾಗುವುದಿಲ್ಲ. ಊರು ಅವನ ಹೆಸರು ಹಿಡಿದು ವರ್ಷಗಟ್ಟಲೆ ನಗುತ್ತದೆ. ಕೇಳದೆ ಇಲ್ಲೇ ಕೂತರೆ ಹುಡುಗಿ ಕೈತಪ್ಪುತ್ತಾಳೆ. ಪಾಷಾ ತಪ್ಪಿದ ಅನ್ನುವಂತಿಲ್ಲ, ಸುಮ್ಮನಿರುವಂತಿಲ್ಲ. ಶುಕ್ರಿ ಎದ್ದ. ಅರವತ್ತು ತಲೆ ಅವನತ್ತ ತಿರುಗಿದವು. ಸುತ್ತಿ ಹೋಗಿ ಪಾಷಾನ ಬಲಗಡೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ:

"ಪಾಷಾ, ಮಾತಿನ ನಡುವೆ ಬಾಯಿ ಹಾಕಿದೆ, ಕ್ಷಮಿಸಿ. ತಪ್ಪು ನನ್ನದು. ಕಾರಿಗೆ ದಾರಿ ಹೇಳೋ ಪೆಟ್ಟಿಗೆ ಹಾಕಿದ್ದೆ. ನಾನೇ ಹಾಕಿದ್ದು. ಅದು ಕೆಟ್ಟಿದೆ. ಉಸ್ತಾದ್ ನಜೀಬರ ಹಳೇ ಮನೆಗೆ ಕರ್ಕೊಂಡು ಬಂತು. ಅವರು ಈಗ ಇರೋದು ಬೇರೆ ಕಡೆ. ನನ್ನ ಕೆಲಸ ನಂಬಿ ನಿಮ್ಮನ್ನೆಲ್ಲ ದಾರಿ ತಪ್ಪಿಸಿಬಿಟ್ಟೆ."

ಹಿಂದಿನ ಸಾಲಿನಲ್ಲಿ ನಾದಿರನ ಹುಬ್ಬು ಮೇಲೇರಿದ್ದು ಶುಕ್ರಿಗೆ ಕಂಡಿತು. ಬಯಾದರಿನ ಅರ್ಧ ಗಿರಾಕಿಗಳು ಆ ಕೋಣೆಯಲ್ಲಿದ್ದರು.

ಪಾಷಾ ಅವನನ್ನು ಬಹಳ ಹೊತ್ತು ನೋಡಿದ. ಗೋಡೆ ನೋಡಿದ. ಅತಲ್ಲಾನ ಒಂದು ಗುಂಡಿ ತಪ್ಪಿದ ಅಂಗಿ ನೋಡಿದ.

"ಹೊಸ ಪೆಟ್ಟಿಗೆಯಾ?" ಅಂದ.

"ಹೊಸದು, ಪಾಷಾ."

"ಹ್ಞೂಂ. ಹೊಸದಕ್ಕೂ ಮರೆವು ಬರ್ತದೆ." ಕೂತುಕೊಂಡ. ಆದರೆ ಬಟ್ಟಲು ಮೇಜಿನ ಮೇಲಿತ್ತಲ್ಲ. ಅದನ್ನು ಹಾಗೇ ಬಿಟ್ಟು ಏಳುವುದಾದರೂ ಹೇಗೆ? ಪಾಷಾ ಮನೆಯವನ ಕಡೆ ತಿರುಗಿದ. "ಯಜಮಾನಾ, ನಿನ್ನ ಕಾಫಿ ಮುಟ್ಟದೆ ಎದ್ದರೆ ನಿನಗೆ ಅವಮಾನ. ಕೇಳದೆ ಕುಡಿದರೆ ನನಗೆ. ಅದಕ್ಕೇ ಒಂದು ಕೋರಿಕೆ ಇಡ್ತೀನಿ. ನಡೆಸಿಕೊಡ್ತೀಯಾ?"

ಅತಲ್ಲಾ ಹೆದರಿ ಒಳಬಾಗಿಲ ಕಡೆ, ಮಗಳಿದ್ದ ಕಡೆ ನೋಡಿದ.

"ನಮಗೆ ದಾರಿ ಕೊಡು," ಅಂದ ಪಾಷಾ.

"ಕೊಟ್ಟೆ ಪಾಷಾ! ಕೊಟ್ಟೆ! ಕುಡೀರಿ!" ಅತಲ್ಲಾ ಕೂಗಿದ ರಭಸಕ್ಕೆ ಪಕ್ಕದ ಮನೆಯ ಹೆಂಗಸರು ಏನೋ ನಿಶ್ಚಯವಾಯಿತು ಅಂತ ಲುಲುಲು ಅಂತ ನಾಲಿಗೆ ಹೊರಳಿಸಿ ಉಲಿದೇಬಿಟ್ಟರು. ಅರವತ್ತು ಜನ ಒಂದೇ ಗುಟುಕಿಗೆ ಕುಡಿದು ಎದ್ದರು. ಮೂರು ನಲವತ್ತೇಳು.

ದಾರಿ ಕೊಟ್ಟವನು ಮುಂದೆ ಹೋಗಬೇಕು. ಅತಲ್ಲಾನ ಹತ್ತಿರ ಇದ್ದದ್ದು ಗ್ಯಾಸಿನ ಗಾಡಿ ಒಂದೇ. ಬೆಳಗಿನ ಖಾಲಿ ಸಿಲಿಂಡರುಗಳು ಇನ್ನೂ ಮೇಲೆಯೇ ಇದ್ದವು. ಕೀಲಿ ತಿರುಗಿಸಿದ ಕೂಡಲೇ, ನಮ್ಮ ದೇಶದ ಗ್ಯಾಸಿನ ಗಾಡಿಗಳೆಲ್ಲ ಮೊಳಗಿಸುವ ಆ ಟಿಣಿಟಿಣಿ ರಾಗ ತಗಡಿನ ಕೊಂಬಿನಿಂದ ಎದ್ದಿತು.

"ಅದನ್ನ ನಿಲ್ಸಯ್ಯಾ!" ಅಂದ ಯಾರೋ.

"ನಿಲ್ಲೋದಿಲ್ಲ! ಎಂಜಿನ್ನಿಗೇ ಕಟ್ಟಿಬಿಟ್ಟಿದ್ದಾರೆ! ಯಾರೋ ಬಯಾದರ್‌ನೋನು ಹಾಕಿದ್ದು!"

ನಾದಿರ್ ಆಕಾಶ ನೋಡಿದ.

ಹೀಗೆ ರಕಾನನ ಜಾಹಾ ಸಾಲ್ತ್‌ನ ಇಳಿಜಾರುಗಳಲ್ಲಿ ಸಾಗಿತು: ಮುಂದೆ ಸಿಲಿಂಡರು ಗಡಗಡಿಸುವ ಗ್ಯಾಸಿನ ಗಾಡಿ, ಹಿಂದೆ ದಾಳಿಂಬೆ ಬಣ್ಣದ ಓಟದ ಕಾರಿನಲ್ಲಿ ಪಾಷಾ, ಅದರ ಹಿಂದೆ ಮೂವತ್ತು. ರಾಗ ಕೇಳಿ ಹೆಂಗಸರು ಕಿಟಕಿಯಿಂದ ಕೈಬೀಸಿದರು. ಇಬ್ಬರು ಗಂಡಸರು ಖಾಲಿ ಸಿಲಿಂಡರು ಹೊತ್ತು ಓಡಿಬಂದು, ಹಿಂದಿನ ಮೆರವಣಿಗೆ ನೋಡಿ, ಸಿಲಿಂಡರು ಹೊತ್ತುಕೊಂಡೇ ಎದೆ ಮುಟ್ಟಿ ಶುಭ ಕೋರಿದರು.

ಉಸ್ತಾದ್ ನಜೀಬ್ ಮೆಟ್ಟಿಲ ಮೇಲೆ ಕೈಗಡಿಯಾರ ನೋಡುತ್ತ ನಿಂತಿದ್ದ. ಅವನ ಭಾವಮೈದ ರಾಗಕ್ಕೆ ಮೋಸಹೋಗಿ ಖಾಲಿ ಸಿಲಿಂಡರನ್ನು ಬೀದಿಗೆ ಉರುಳಿಸಿಕೊಂಡು ಬಂದಿದ್ದ. ಅತಲ್ಲಾ ಗಾಡಿ ಆರಿಸಿದ. ರಾಗ ನಿಂತಿತು.

"ಮೂರು ಐವತ್ತೆಂಟು," ಅಂದ ನಜೀಬ್. "ಎರಡು ನಿಮಿಷ ಮುಂಚೆ. ಬನ್ನಿ."

ಪಾಷಾ ಈ ಸಲ ಭಾಷಣವನ್ನು ನಾಲ್ಕು ಮಾತಿಗೆ ಇಳಿಸಿದ. ಅಜ್ಜಂದಿರು ಬರಲಿಲ್ಲ, ಕುದುರೆಯೂ ಬರಲಿಲ್ಲ. ದುಹಾಳ ಹೆಸರು ಹೇಳುವಾಗ ಮಾತ್ರ ಒಂದು ಗಳಿಗೆ ನಿಂತು, ಸರಿಯಾಗಿ ಹೇಳಿದ. ಬಟ್ಟಲು ಮೇಜಿನ ಮೇಲಿತ್ತು. ನಜೀಬ್ ಒಪ್ಪಿಗೆ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿದ. ಅಳತೆಯವನ ಬುದ್ಧಿ.

"ಗ್ಯಾಸಿನ ಗಾಡಿ ಹಿಂದೆ ಯಾಕೆ ಬಂದ್ರಿ?"

ಪಾಷಾ ಬಾಯಿ ತೆರೆದ. ಅದಕ್ಕೂ ಮುಂಚೆ ಶುಕ್ರಿ ಅಂದ, "ನನ್ನ ಪೆಟ್ಟಿಗೆ ಕೆಟ್ಟಿತು, ಉಸ್ತಾದ್. ಸರಿಯಾಗಿ ಹಾಕಿರಲಿಲ್ಲ."

ನಜೀಬ್ ಮತ್ತೊಮ್ಮೆ ಕೈಗಡಿಯಾರ ನೋಡಿದ. "ಪೆಟ್ಟಿಗೆ ಕೆಟ್ಟರೂ ಹೊತ್ತಿಗೆ ಬಂದ್ರಲ್ಲ. ಕೊಟ್ಟೆ. ಕುಡೀರಿ."

ರಕಾನ್ ಒಂದು ವಾರದ ಊಟವನ್ನು ಆ ಸಂಜೆಯೇ ಮಾಡಿದ.

ಶನಿವಾರ ಬೆಳಿಗ್ಗೆ ಶುಕ್ರಿ ಅಂಗಡಿ ತೆರೆಯುವಷ್ಟರಲ್ಲಿ ಸುದ್ದಿ ಕೇರಿಯನ್ನು ಎರಡು ಸುತ್ತು ಹಾಕಿತ್ತು. "ಅಬು ರಕಾನ್, ನನ್ನ ಗಾಡಿಗೊಂದು ಹಾಕು, ಆದರೆ ಬೇರೆಯವರ ಹೆಣ್ಣು ಕೇಳೋ ಅಂಥದ್ದು ಬೇಡ!" ಅಂದ ಕಾರಿಗೆ ಬಣ್ಣ ಹೊಡೆಯುವವನು. "ಎರಡನೇ ಹೆಂಡತಿ ಹುಡುಕೋರಿಗೆ ಇವನ ಪೆಟ್ಟಿಗೆಯೇ ಸರಿ," ಅಂದ ಬ್ಯಾಟರಿಯವನು. ಶುಕ್ರಿ ನಕ್ಕ. ಕೆಲಸಕ್ಕೆ ದಿನ ಗೊತ್ತು ಮಾಡಿಕೊಂಡಿದ್ದ ಇಬ್ಬರು ಗಿರಾಕಿಗಳು ಫೋನು ಮಾಡಿ, ಸ್ವಲ್ಪ ದಿನ ಆಗಲಿ ಅಂದಾಗ ನಗು ಅಷ್ಟು ಸುಲಭವಾಗಲಿಲ್ಲ. ಅದರಲ್ಲೊಬ್ಬ ನಾದಿರನ ಅಂಗಡಿ ಮುಂದೆ ನಿಂತಿರುವುದು ಇಲ್ಲಿಂದಲೇ ಕಾಣುತ್ತಿತ್ತು. ಮೂವತ್ತು ವರ್ಷದ ಹೆಸರು ಒಂದು ಕಾಫಿ ಆರುವಷ್ಟರಲ್ಲಿ ಹೋಯಿತಲ್ಲ ಅಂದುಕೊಂಡು, ಬೆಸುಗೆ ಕಡ್ಡಿ ಬಿಸಿಗಿಟ್ಟ.

ಹತ್ತು ಗಂಟೆಗೆ ಕೇರಿಯೊಳಗೆ ಎತ್ತರದ ಗಾಡಿಯೊಂದು ಬಂತು. ಅಟ್ಟದಿಂದ ಗೋಧಿ ಮೂಟೆ ಇಳಿದಂತೆ ಹಾಯೆಲ್ ಪಾಷಾ ಇಳಿದ. ಮಗನನ್ನು ಕಳಿಸಿಬಿಟ್ಟು, ಶುಕ್ರಿಯ ಅಂಗಡಿಯ ಬಾಗಿಲಲ್ಲಿದ್ದ ಸ್ಟೂಲಿನ ಮೇಲೆ, ಬೀದಿಗೆ ಮುಖ ಮಾಡಿ ಕೂತ. ಶುಕ್ರಿ ಚಹಾ ತಂದು ಬಲಗಡೆ ನಿಂತ.

"ಆ ಡಬ್ಬಿ," ಅಂದ ಪಾಷಾ, ಬೀದಿ ನೋಡುತ್ತಲೇ. "ಊರ ಬಾಯಲ್ಲಿ ಅದು ಬಲಕ್ಕೆ ಅಂದಿತ್ತಾ?"

"ಅದು ಕೆಟ್ಟಿತ್ತು, ಪಾಷಾ."

ಪಾಷಾ ಚಹಾ ಊದಿ ಕುಡಿದ. ನೆತ್ತಿಗೆ ಹತ್ತಿದವನಂತೆ ಕೆಮ್ಮಿದ.

"ಹೌದು. ಕೆಟ್ಟಿತ್ತು."

ಆಮೇಲೆ ಅವನು ಆ ವಿಷಯ ಎತ್ತಲಿಲ್ಲ, ಎದ್ದೂ ಹೋಗಲಿಲ್ಲ. ಅಂಥ ಹಿರಿಯ ಕೂತಿರುವಾಗ ಕೈಬೀಸಿ ದಾಟಿ ಹೋಗಲು ಯಾರಿಗೂ ಆಗುವುದಿಲ್ಲ. ಬಣ್ಣದವನು ಕೈ ಒರೆಸಿಕೊಂಡು ಬಂದು ನಮಸ್ಕರಿಸಿದ. ಬ್ಯಾಟರಿಯವನು ಬಂದು ಆರೋಗ್ಯ ಕೇಳಿದ. ನಾದಿರನ ಹತ್ತಿರ ನಿಂತಿದ್ದ ಗಿರಾಕಿ ಕೊರಳು ಚಾಚಿ ನೋಡಿ, ಬಂದು ಕೈಕುಲುಕಿ, ಆಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಉಳಿದ. ಕೊನೆಗೆ ನಾದಿರನೂ ಬಂದ. ಯಾರ ಅಂಗಡಿ ಇದು ಅಂತ ಕೇಳಿದ ದಾರಿಹೋಕರಿಗೆಲ್ಲ ಪಾಷಾ ಒಂದೇ ಉತ್ತರ ಕೊಟ್ಟ: "ನಾನು ಕೂತಿರೋ ಅಂಗಡಿ."

ಶುಕ್ರಿ ಒಳಗೆ ಕಡ್ಡಿ ಹಿಡಿದು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದ. ಮಧ್ಯಾಹ್ನದ ನಮಾಜಿಗೆ ಇನ್ನೂ ಒಂದೂವರೆ ಗಂಟೆ ಇತ್ತು, ಅಲ್ಲಿಯವರೆಗೆ ಪಾಷಾ ಏಳುವ ಹಾಗೆ ಕಾಣಲಿಲ್ಲ.

"ನನ್ನನ್ನ ಏನು ನೋಡ್ತೀಯ?" ಅಂದ ಪಾಷಾ ತಿರುಗದೆ. "ಕೆಲಸ ಮಾಡು."